ಜಯಮ್ಮನಿಗೆ ನಾನು ಆರಿಸಿದ ಪದ

ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಹಾಳೆ ಕೊಟ್ಟು ಕಳಿಸಿದ್ದರು. ನಡುವೆ ಒಂದು ಸೊನ್ನೆ, ಸುತ್ತ ಎಂಟು ಖಾಲಿ ಮನೆ. ಯೋಚನೆಯಿಲ್ಲದೆ, ಹಿಂದುಮುಂದು ನೋಡದೆ ಕೆಲಸ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಎಂಟು ಪದ ತುಂಬಬೇಕಂತೆ. "ತಾತ, ಫೋನ್ ನೋಡೋ ಹಾಗಿಲ್ಲ ಅಂದಿದಾರೆ ಮಿಸ್" ಎಂದಳು. ತಾತನನ್ನು ಕೇಳುವ ಹಾಗಿಲ್ಲ ಎಂದೇನೂ ಅವರು ಹೇಳಿರಲಿಲ್ಲವಲ್ಲ, ಕನ್ನಡಕ ಏರಿಸಿಕೊಂಡು ಕೂತೆ.

ಕೇರ್‌ಲೆಸ್, ನೆಗ್ಲಿಜೆಂಟ್, ಹೇಸ್ಟಿ, ರ‍್ಯಾಶ್, ರೆಕ್‌ಲೆಸ್, ಇಂಪಲ್ಸಿವ್. ಆರು ಮನೆ ಒಂದೇ ಉಸಿರಿಗೆ ತುಂಬಿದವು. "ಸೂಪರ್ ತಾತ!" ಎಂದಳು. ಏಳನೆಯದು ನಾಲಿಗೆಯ ತುದಿಗೆ ಬಂದು ನಿಂತಿತು. ಇಂಪ್ರೂಡೆಂಟ್. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಉಳಿದದ್ದನ್ನು ನೀನೇ ಬರೆದುಕೋ ಎಂದು ಗದರಿ ಎದ್ದುಬಿಟ್ಟೆ. ಮಗು ಪೆಚ್ಚಾಯಿತು. ನನಗೆ ಸಿಟ್ಟು ಬಂದಿತ್ತು, ಅದು ಮಗುವಿನ ಮೇಲಲ್ಲ. ಯಾರ ಮೇಲೆ ಎಂದು ಹೇಳಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ಹೊತ್ತು ಪೀಣ್ಯಕ್ಕೆ ಬರಬೇಕು.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ಆಫೀಸು ಕೆಲಸ ಮಾಡಿದವನು. ಕಬ್ಬಿಣದ ತಗಡಿಗೆ ಯಂತ್ರದಿಂದ ಪೆಟ್ಟು ಕೊಟ್ಟು ಸಣ್ಣಸಣ್ಣ ಭಾಗಗಳನ್ನು ಕತ್ತರಿಸಿ ತೆಗೆಯುವ ಜಾಗ. ನನ್ನ ಹುದ್ದೆಯ ಹೆಸರು ಏನೇನೋ ಇತ್ತು, ನಿಜವಾಗಿ ನಾನು ಅಲ್ಲಿನ ಇಂಗ್ಲಿಷ್. ಮ್ಯಾನೇಜರರಿಗೆ ಮಾತಿನಲ್ಲಿ ಬರುತ್ತಿತ್ತು, ಬರವಣಿಗೆಯಲ್ಲಿ ಬರುತ್ತಿರಲಿಲ್ಲ. ನನಗೆ ತದ್ವಿರುದ್ಧ. ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಬೆವರುತ್ತಿದ್ದೆ, ಕಾಗದ ಕೊಟ್ಟರೆ ಹುಲಿ. ಮೇಜಿನ ಮೇಲೆ ಬೆನ್ನು ಕಿತ್ತುಹೋದ ಒಂದು ಡಿಕ್ಷನರಿ ಇಟ್ಟುಕೊಂಡಿದ್ದೆ. ಅದನ್ನು ಬೇರೆಯವರು ಮುಟ್ಟಿದರೆ ನನಗೆ ಸರಿಬರುತ್ತಿರಲಿಲ್ಲ.

ಆ ಮೇಜಿನಲ್ಲಿ ಕೂತು ಕಲಿತ ವಿಷಯ ಒಂದಿದೆ. ಈ ಪದಗಳು ಎಲ್ಲರಿಗೂ ಬರುವುದಿಲ್ಲ. ಕೆಲಸಗಾರ ಸ್ಪ್ಯಾನರ್ ಬೀಳಿಸಿದರೆ ಕೇರ್‌ಲೆಸ್. ಡ್ರೈವರ್ ಲಾರಿಯನ್ನು ಗೇಟಿಗೆ ತಾಗಿಸಿದರೆ ರ‍್ಯಾಶ್. ಯಜಮಾನರು ಒಮ್ಮೆ ಕಣ್ಣಿನಿಂದ ನೋಡದೆಯೇ ಒಂದು ಹಳೆಯ ಯಂತ್ರ ಕೊಂಡು ತಂದರು. ಅದು ಒಂದು ದಿನವೂ ಓಡದೆ ಶೆಡ್ಡಿನ ಹಿಂದೆ ತುಕ್ಕು ಹಿಡಿಯಿತು. ಅದಕ್ಕೆ ನಾನೇ ಬರೆದ ಪದ 'ಬೋಲ್ಡ್'. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಇಷ್ಟು ವರ್ಷ ನಾನು ಸೊಸೆಯರ ಪಾತ್ರೆಗಳನ್ನೇ ಎಣಿಸಿಕೊಂಡು ಕೂತಿದ್ದೆ.

ಜಯಮ್ಮ ನಮ್ಮಲ್ಲಿ ತಗಡು ಕತ್ತರಿಸುವ ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದಳು. ಶಿರಾ ಕಡೆಯವಳು, ಗಟ್ಟಿ ದನಿ. ಗಂಡನಿಲ್ಲದ ಮನೆಯನ್ನು ಆ ಯಂತ್ರದ ಮೇಲೆ ನಡೆಸುತ್ತಿದ್ದಳು. ಆ ಯಂತ್ರಕ್ಕೆ ಎರಡು ಬಟನ್. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಬಂದು ತಗಡಿನ ಮೇಲೆ ಬೀಳಬೇಕು. ಅಂದರೆ ಅಚ್ಚು ಬೀಳುವಾಗ ಎರಡು ಕೈಯೂ ಹೊರಗಿರುತ್ತವೆ. ಮಾಡಿದವನು ಬುದ್ಧಿವಂತ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಆದ್ದರಿಂದ ನಮ್ಮಲ್ಲಿ, ನಮ್ಮಲ್ಲಿ ಮಾತ್ರವಲ್ಲ, ಆ ಬೀದಿಯಲ್ಲೆಲ್ಲ, ಒಂದು ಬಟನ್ನಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು ಅದನ್ನು ಸದಾ ಒತ್ತಿಟ್ಟಿರುತ್ತಿದ್ದರು. ಆಗ ಒಂದು ಕೈ ಬಟನ್ ಒತ್ತುತ್ತದೆ, ಇನ್ನೊಂದು ಕೈ ಅಚ್ಚಿನ ಕೆಳಗೆ ತಗಡು ಇಡುತ್ತದೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲು ಸೂಪರ್‌ವೈಸರ್ ಖುದ್ದಾಗಿ ಎಲ್ಲ ಯಂತ್ರಗಳಿಗೂ ಟ್ಯೂಬು ಬಿಗಿದು ಬರುತ್ತಿದ್ದ. ಗೋಡೆಯ ಮೇಲೆ 'ಅವಸರವೇ ಅಪಘಾತಕ್ಕೆ ಕಾರಣ' ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಅದರ ಕೆಳಗೆ ಸೀಮೆಸುಣ್ಣದಲ್ಲಿ ಆವತ್ತಿನ ಟಾರ್ಗೆಟ್.

ಆಯುಧಪೂಜೆಯ ದಿನ ಯಂತ್ರಗಳನ್ನೆಲ್ಲ ಒರೆಸಿ ವಿಭೂತಿ, ಕುಂಕುಮ ಹಚ್ಚುತ್ತಿದ್ದೆವು. ಆ ಟ್ಯೂಬಿನ ತುಂಡಿಗೂ ಕುಂಕುಮ ಬೀಳುತ್ತಿತ್ತು. ಒಂದು ವರ್ಷ ಅದಕ್ಕೆ ಸಿಕ್ಕಿಸಿದ್ದ ಚೆಂಡುಹೂವು ಬಿದ್ದುಹೋಗಿ, ಅದನ್ನು ಎತ್ತಿ ಮತ್ತೆ ಅಲ್ಲೇ ಸಿಕ್ಕಿಸಿದವನು ನಾನು. ಮಂಗಳಾರತಿ ಎತ್ತಿದವರು ಯಜಮಾನರು. ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ.

ಆ ಪೂಜೆಯಾದ ಮೂರನೆಯ ವಾರ ಜಯಮ್ಮನ ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಬೆಳಿಗ್ಗೆ ಅವಳನ್ನು ಆಫೀಸಿಗೆ ಕರೆಸಿದರು. ಕೈಗೆ ಬ್ಯಾಂಡೇಜು. ವರದಿ ಬರೆದು ಅವಳ ಸಹಿ ಹಾಕಿಸಬೇಕಿತ್ತು. ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಸಾರ್, ಆ ಟ್ಯೂಬು ನಾನ್ ಕಟ್ಟಿದ್ದಲ್ಲ ಅಂತ ಒಂದ್ ಮಾತು ಬರೀರಿ. ಅಷ್ಟ್ ಸಾಕು. ತಪ್ಪು ನಂದಲ್ಲ ಅಂದ್ರೆ ಗೇಟ್ ಒಳೀಕ್ ಬುಟ್ಕತಾರೆ. ಎಡಗೈಯಲ್ಲೇ ಪ್ಯಾಕಿಂಗ್ ಮಾಡ್ಕೊಂಡು ಇರ್ತೀನಿ."

"ನೋಡೋಣ, ಆಚೆ ಕೂತಿರು" ಎಂದೆ. ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಕೂತಳು.

ಮ್ಯಾನೇಜರ್ ಬಂದರು. ಕೂಗಾಡಲಿಲ್ಲ, ಹೆದರಿಸಲಿಲ್ಲ. ಹೆದರಿಸಿದ್ದರೆ ಈಗ ಹೇಳಿಕೊಳ್ಳಲು ನನಗೊಂದು ನೆಪವಾದರೂ ಇರುತ್ತಿತ್ತು. "ನೋಡ್ರೀ, ಬಟನ್ ಅವಳೇ ಕಟ್ಕೊಂಡ್ಳು ಅಂತ ಬರಬೇಕು. ಆದ್ರೆ ಕೇರ್‌ಲೆಸ್ ಅಂದ್ರೆ ತೀರಾ ಒರಟಾಗುತ್ತೆ, ಪಾಪ ಹೆಣ್ಮಗಳು. ನಿಮ್ಮ ಹತ್ರ ಒಳ್ಳೊಳ್ಳೆ ವರ್ಡ್ಸ್ ಇರುತ್ತಲ್ಲ, ಒಂದು ಹಾಕಿ" ಎಂದರು.

ಒಳ್ಳೆಯ ಪದ ಹುಡುಕಿದೆ. ನಾಚಿಕೆಗೆಟ್ಟು ಹೇಳುತ್ತೇನೆ, ಹುಡುಕುವಾಗ ನನಗೆ ಖುಷಿಯಾಗಿತ್ತು. ನೆಗ್ಲಿಜೆಂಟ್ ಎಂದರೆ ಪೊಲೀಸು ಕಾಗದದ ಹಾಗೆ ಕಾಣುತ್ತದೆ. ರೆಕ್‌ಲೆಸ್ ಅತಿಯಾಯಿತು. ಹೇಸ್ಟಿಗೆ ತೂಕವಿಲ್ಲ. ಕೊನೆಗೆ ಸಿಕ್ಕಿದ್ದು ಇಂಪ್ರೂಡೆಂಟ್, ಅಂದರೆ ವಿವೇಚನೆಯಿಲ್ಲದವಳು. ಎಂಥ ಮರ್ಯಾದಸ್ಥ ಪದ! ಕಿವಿಗೆ ಬೈಗುಳವೇ ಅನ್ನಿಸುವುದಿಲ್ಲ. ಸೂಚನೆಯನ್ನು ಕಡೆಗಣಿಸಿ, ತಾನಾಗಿಯೇ ಬಟನ್ ಕಟ್ಟಿ, ಇಂಪ್ರೂಡೆಂಟ್ ಆಗಿ ನಡೆದುಕೊಂಡಳು ಎಂದು ಬರೆದು ಮುಗಿಸಿದೆ. ಓದಿದ ಮ್ಯಾನೇಜರ್ ನನ್ನ ಭುಜ ತಟ್ಟಿದರು. ಆ ಭುಜವನ್ನು ಈಗ ಕಿತ್ತು ಬಿಸಾಡೋಣ ಎನ್ನಿಸುತ್ತದೆ.

ಜಯಮ್ಮನನ್ನು ಒಳಗೆ ಕರೆದೆ. "ಏನ್ ಬರ್ದಿದೀರಾ ಸಾರ್?" ಎಂದಳು.

"ಆಕಸ್ಮಿಕವಾಗಿ ಆಯ್ತು ಅಂತ" ಎಂದೆ. ಇಂಕಿನ ಪ್ಯಾಡ್ ಮುಂದಿಟ್ಟೆ.

"ನಂಗೆ ರುಜು ಮಾಡಕ್ ಬತ್ತದೆ ಸಾರ್. ನಾನು ಎಬ್ಬೆಟ್ಟಲ್ಲ" ಎಂದಳು. ಆಮೇಲೆ ಬ್ಯಾಂಡೇಜು ನೋಡಿಕೊಂಡು, ತಾನೇ ನಕ್ಕು, ಎಡಗೈ ಹೆಬ್ಬೆಟ್ಟು ಒತ್ತಿದಳು.

ಗಾಯ ಮಾಗಿ ಕೆಲಸಕ್ಕೆ ಬಂದ ದಿನ ಗೇಟಿನಲ್ಲೇ ಅವಳನ್ನು ತಡೆದರು. ಯಾರ ಮಾತನ್ನೂ ಕೇಳದೆ ಅಪಘಾತ ಮಾಡಿಕೊಂಡವಳನ್ನು ಒಳಗೆ ಬಿಟ್ಟರೆ ಉಳಿದವರಿಗೂ ತೊಂದರೆ, ವರದಿಯಲ್ಲೇ ಇದೆ, ನೀನೇ ಹೆಬ್ಬೆಟ್ಟು ಒತ್ತಿದ್ದೀಯಲ್ಲ ಎಂದರು. ಅವಳು ಗೇಟಿನ ಸರಳು ಹಿಡಿದುಕೊಂಡು ನನ್ನ ಹೆಸರು ಕೂಗುತ್ತಿದ್ದಳು. ನಾನು ಕಿಟಕಿ ಮುಚ್ಚಿದೆ.

ಮೊಮ್ಮಗಳನ್ನು ಗದರಿದ ಆ ಸಂಜೆ ಮನೆಯಲ್ಲಿ ಕೂರಲಾಗಲಿಲ್ಲ. ಜಯಮ್ಮ ಟಿ. ದಾಸರಹಳ್ಳಿಯಲ್ಲಿ ಮೆಟ್ರೋ ಕಂಬದ ಕೆಳಗೆ ಸೊಪ್ಪಿನ ಗಾಡಿ ಇಟ್ಟುಕೊಂಡಿದ್ದಾಳೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ವರ್ಷಗಳಿಂದ ನಾನು ಆ ರಸ್ತೆಯ ಈಚೆ ಬದಿಯಲ್ಲೇ ನಡೆಯುತ್ತಿದ್ದೆ. ಆವತ್ತು ದಾಟಿದೆ.

ತಲೆ ನರೆತಿತ್ತು. ಮೆಂತ್ಯದ ಕಟ್ಟುಗಳನ್ನು ಎಡಗೈಯಿಂದ ಜೋಡಿಸುತ್ತಿದ್ದಳು. ತಕ್ಷಣ ಗುರುತು ಹಿಡಿದಳು, "ಬನ್ನಿ ಸಾರ್" ಎಂದಳು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ವರದಿಯಲ್ಲಿ ನಿಜವಾಗಿ ಏನಿತ್ತು, ನಾನು ಅವಳಿಗೆ ಹೇಳಿದ ಸುಳ್ಳೇನು, ಎಲ್ಲ. ಅವಳು ಕೆಲಸ ನಿಲ್ಲಿಸಿ ಕೇಳಿದಳು. ಕೊನೆಗೆ ಅಂದೆ, "ಆವತ್ತು ಏನೋ ಅವಸರದಲ್ಲಿ ಬರೆದುಬಿಟ್ಟೆ ಜಯಮ್ಮ. ಯೋಚನೆ ಮಾಡ್ಲಿಲ್ಲ. ತಪ್ಪಾಯ್ತು."

ಅವಳು ನನ್ನ ಮುಖವನ್ನೇ ನೋಡಿದಳು.

"ಈಗ್ಲೂ ಸುಳ್ ಯೇಳ್ತೀರಲ್ಲ ಸಾರ್. ಅವಸರದಲ್ ಮಾಡ್ದೋಳು ನಾನು. ನೀವು ಬೆಳಿಗ್ಗೆ ಕುಂತೋರು ಊಟದ ಬೆಲ್ ಒಡಿಯೋ ಗಂಟ ಎದ್ದಿರ್ಲಿಲ್ಲ. ನಾನ್ ಗಾಜಲ್ಲಿ ನೋಡ್ತಾನೇ ಇದ್ದೆ. ಬರೀತಿದ್ರಿ, ಅಳುಸ್ತಿದ್ರಿ, ಬುಕ್ ತಗುದ್ ನೋಡ್ತಿದ್ರಿ, ತಿರ್ಗಾ ಬರೀತಿದ್ರಿ. ಪಾಪ, ನನ್ಗೋಸ್ಕರ ಎಷ್ಟೊಂದ್ ಯೋಚ್ನೆ ಮಾಡ್ತಾವ್ರಲ್ಲಪ್ಪ ಅಂದ್ಕೊಂಡಿದ್ದೆ."

ನನ್ನ ಹಿಂದೆ ಯಾರೋ ಸೊಪ್ಪಿನ ರೇಟು ಕೇಳಿದರು.

"ಪಕ್ಕಕ್ ನಿಂತ್ಕಳಿ ಸಾರ್" ಎಂದಳು. ನಿಂತೆ.