ಗೇಣುದ್ದದ ಕೇಬಲ್ಲಿಗೆ ಜಗಳವಾಡಿದ ಅಯ್ಯಮ್ಮ ಮೇಡಂ

ಚೆನ್ನಾಗಿ ನಡೆಯುತ್ತಿರುವ ಯಂತ್ರದ ಪ್ಲಗ್ಗನ್ನು ಹಾಡುಹಗಲೇ, ಮಾಲೀಕರ ಕಣ್ಣೆದುರಿಗೇ ಕಿತ್ತು ನಿಲ್ಲುವ ಧೈರ್ಯ ನಾನು ಕಂಡವರಲ್ಲಿ ಅಯ್ಯಮ್ಮ ಮೇಡಂ ಒಬ್ಬರಿಗೇ ಇತ್ತು.

ಶಹಾಪುರದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಇಂಟರ್ನೆಟ್ ಕಂಪನಿ. ಸುರಪುರದಿಂದ ಯಾದಗಿರಿವರೆಗಿನ ಅಂಗಡಿ, ಶಾಲೆ, ದವಾಖಾನೆಗಳಿಗೆ ಸಂಪರ್ಕ ಕೊಡುವುದು ನಮ್ಮ ಕೆಲಸ. ಮೇಡಂ ಅಲ್ಲಿ ಮುಖ್ಯ ಎಂಜಿನಿಯರ್, ನಾನು ಅವರ ಕೈಕೆಳಗಿನವಳು. ಮಾಲೀಕರನ್ನು ನಾವೆಲ್ಲ ಸೌಕಾರ್ರು ಎನ್ನುತ್ತಿದ್ದೆವು. ಅವರು ಆಗಷ್ಟೇ ಎರಡನೆಯ ರೂಟರ್ ತರಿಸಿ, ಒಂದು ಕೆಟ್ಟರೆ ಇನ್ನೊಂದು ಇದೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಒಂದು ದಿನ ಅವರು ಬೀಗರೊಂದಿಗೆ ವಿಡಿಯೊ ಕಾಲ್‌ನಲ್ಲಿ ನಗುತ್ತ ಕೂತಿದ್ದಾಗ ಮೇಡಂ ಹೋಗಿ ಮೊದಲನೆಯ ರೂಟರಿನ ಪ್ಲಗ್ ಕಿತ್ತರು. ಎರಡನೆಯದು ಕೂಡಲೇ ಕೆಲಸ ಹಿಡಿಯಿತು. ಆದರೆ ಬೀಗರ ಮುಖ ಪರದೆಯಿಂದ ಮಾಯವಾಯಿತು.

"ಯಾರ್ರಿ ಕಿತ್ತವ್ರು?" ಎಂದರು ಸೌಕಾರ್ರು.

"ನಾನೇರಿ. ಎರಡು ಡಬ್ಬಿ ಅದಾವ, ಖರೆ. ಒಂದಕ್ಕ ಗೊತ್ತಿದ್ದದ್ದು ಇನ್ನೊಂದಕ್ಕ ಗೊತ್ತಿಲ್ಲ. ನಿಮ್ಮ ಮಾತು ನಡದದ ಅಂತ ಅದಕ್ಕ ಯಾರು ಹೇಳ್ಯಾರ?"

"ಮತ್ತ ಹಚ್ಚಿದ್ರ ಹತ್ತತದಲ್ಲ, ಬಿಡವಾ."

ಆ 'ಬಿಡವಾ' ಎಂಬ ಮಾತಿನ ವಿರುದ್ಧವೇ ಮೇಡಂ ಅಲ್ಲಿದ್ದಷ್ಟು ಕಾಲವೂ ಹೋರಾಡಿದರು.

ಅವರ ತವರು ವನದುರ್ಗದ ಹತ್ತಿರದ ಹಳ್ಳಿ. ಕುರಿ ಕಾಯುವ ಮನೆತನ. ಹೊಲದ ಈಚೆ ಬದುವಿನಿಂದ ಆಚೆಗೆ ಕೂಗಿ ಕಲಿತ ದನಿ, ಫೋನಿನಲ್ಲೂ ತಗ್ಗುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಬಿಟ್ಟು ನೆಲದ ಮೇಲೆ ಲ್ಯಾಪ್‌ಟಾಪ್ ಹರವಿಕೊಂಡು ಕೂಡುತ್ತಿದ್ದರು. ಊಟದ ಡಬ್ಬಿ ಬಿಚ್ಚಿದರೆ ಸಜ್ಜೆ ರೊಟ್ಟಿಯ ಅರ್ಧ ಮುರಿದು, ಬೇಕೋ ಬೇಡವೋ ಕೇಳದೆ, ಶೇಂಗಾ ಹಿಂಡಿ ಚಟ್ನಿಯೊಂದಿಗೆ ನನ್ನ ಮುಂದೆ ಇಡುತ್ತಿದ್ದರು. "ಕೆಲಸ ಆಗ್ಯಾದ್ರಿ ಮೇಡಂ" ಎಂದು ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ: "ನೋಡೀಯೋ, ಅನ್ಕೊಂಡೀಯೋ?" ಅನ್ಕೊಂಡವರು ತಲೆ ಕೆರೆಯುತ್ತ ವಾಪಸು ಹೋಗಬೇಕಾಗುತ್ತಿತ್ತು. ಆಫೀಸಿನಲ್ಲಿ ಅವರಿಗೆ ಹೆದರುವವರೇ ಹೆಚ್ಚು, ಪ್ರೀತಿಸುವವರು ಕಡಿಮೆ.

ಯಾವ ಸಂಪರ್ಕ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ರೂಟರಿನೊಳಗೆ ಕಾಯುವ ಫೈರ್‌ವಾಲ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವರು ನನಗೆ ಹೇಳಿಕೊಟ್ಟದ್ದು ಹೀಗೆ:

"ನಮ್ಮಪ್ಪ ಊಟಕ್ಕ ಬಂದ್ರ ಕುರಿ ನೋಡಾಕ ನಮ್ಮಣ್ಣ ಹೋಗ್ತಿದ್ದ. ಸುಮ್ನ ಹೋಗಿ ನಿಂತ್ರ ಏನು ಬಂತವಾ? ಯಾರ ಹೊಲದಾಗ ಬಿಡಬೇಕು, ಯಾರ ಹೊಲದಾಗ ಬಿಡಬಾರದು, ಅದು ಗೊತ್ತಿರಬೇಕು. ಈಗ ಯಾವ ಕುರಿ ಎಲ್ಲಿ ಹೋಗ್ಯಾದ, ಅದೂ ಗೊತ್ತಿರಬೇಕು. ನಮ್ಮಪ್ಪ ಇವೆರಡೂ ಹೇಳದ ಬರ್ತಿದ್ದಿಲ್ಲ."

ಹಾಗೆಯೇ ಮೊದಲ ರೂಟರ್ ತನ್ನ ನಿಯಮಗಳನ್ನೂ, ಆ ಗಳಿಗೆಯಲ್ಲಿ ನಡೆದಿರುವ ಎಲ್ಲ ಸಂಪರ್ಕಗಳ ನೆನಪನ್ನೂ ಎರಡನೆಯದಕ್ಕೆ ಬಿಡದೆ ಹೇಳುತ್ತಿರಬೇಕು. ಅದಕ್ಕೆಂದು ಮೇಡಂ ಎರಡರ ನಡುವೆ ಗೇಣುದ್ದದ ಒಂದು ಕೇಬಲ್ ಹಾಕಿದರು. ಕೆಲವು ತಿಂಗಳು ಎಲ್ಲ ಸರಿಯಿತ್ತು. ಒಂದು ರೂಟರ್ ನಿಂತರೂ ಯಾರ ಮಾತೂ ಕಡಿಯುತ್ತಿರಲಿಲ್ಲ. ಕಡಿಯದ್ದರಿಂದ ಆ ಕೇಬಲ್ ಏನು ಮಾಡುತ್ತಿದೆ ಎಂಬುದೂ ಯಾರಿಗೂ ತಿಳಿಯಲಿಲ್ಲ.

ನಮ್ಮೊಂದಿಗೇ ಕೆಲಸಕ್ಕಿದ್ದ ಸೌಕಾರ್ರ ಅಳಿಯ ವೀರೇಶನಿಗೆ ಮಾವನ ಕೋಣೆಯಲ್ಲಿ ಕ್ಯಾಮೆರಾ ಕೂಡಿಸಬೇಕಿತ್ತು. ಅದರ ಕೇಬಲ್ ಸಿಕ್ಕಿಸಲು ರೂಟರಿನಲ್ಲಿ ಖಾಲಿ ಜಾಗವಿರಲಿಲ್ಲ. ಒಂದು ಡಬ್ಬಿಯಿಂದ ಹೊರಟು ಪಕ್ಕದ ಡಬ್ಬಿಗೇ ಹೋಗುವ ಈ ಕೇಬಲ್ ಅವನ ಕಣ್ಣಿಗೆ ಬಿತ್ತು, ಬಿಚ್ಚಿದ. ಮೇಡಂ ಮರುದಿನ ಮತ್ತೆ ಹಾಕಿದರು. ಅವರು ಯಾದಗಿರಿಗೆ ಹೋದ ದಿನ ಅವನು ಮತ್ತೆ ಬಿಚ್ಚಿದ.

"ಅದು ಎಲ್ಲಿಗೂ ಹೋಗೂದಿಲ್ಲಲ್ರಿ ಮೇಡಂ" ಎಂದ.

ಮೇಡಂ ನೇರ ಸೌಕಾರ್ರ ಕೋಣೆಗೆ ನಡೆದರು. "ಹೆಚ್ಚಿನ ಕೇಬಲ್ ಹಾಕೋ ಪೆಟ್ಟಿಗಿ ಒಂದು ತರಸ್ರಿ, ಕ್ಯಾಮೆರಾನೂ ನಡೀತದ, ಇದೂ ನಡೀತದ."

"ಬರೋ ತಿಂಗಳು ನೋಡೂಣು."

ಬರುವ ತಿಂಗಳು ಬಂದು ಹೋಯಿತು, ಅದರ ಮುಂದಿನದೂ ಹೋಯಿತು. ಆ ಕೇಬಲ್ ಇಲ್ಲದಷ್ಟೂ ದಿನ ಮೇಡಂ ಪ್ರತಿಯೊಂದು ನಿಯಮವನ್ನೂ ಎರಡೂ ರೂಟರಿನಲ್ಲಿ ಕೈಯಾರೆ ಹಾಕುತ್ತಿದ್ದರು. ನಡೆದಿರುವ ಮಾತುಗಳ ನೆನಪನ್ನು ಮಾತ್ರ ಕೈಯಿಂದ ದಾಟಿಸಲು ಬರುವುದಿಲ್ಲ. ವೀರೇಶ ಹಾಕಿದ ನಿಯಮಗಳು ಒಂದರಲ್ಲಿರುತ್ತಿದ್ದವು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಮೇಡಂ ಅವನ್ನು ಹುಡುಕಿ ಹುಡುಕಿ ಸರಿಮಾಡುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದ ರಭಸಕ್ಕೆ ಮೊದಲ ರೂಟರ್ ಸುಟ್ಟುಹೋಯಿತು. ಎರಡನೆಯದು ಎದ್ದಿತು. ಅಷ್ಟರಲ್ಲಿ ಮೇಡಂ ಫೋನು ರಿಂಗಾಯಿತು. ಸುರಪುರದ ಸಣ್ಣ ಹೆರಿಗೆ ದವಾಖಾನೆಯ ಸಿಸ್ಟರ್.

"ಮೇಡಂ, ಡಾಕ್ಟರ್ ಕಾಣವಲ್ರು. ಕೂಸು ಹುಟ್ಟೇದ, ತಾಯಿಗಿ ರಕ್ತ ನಿಲ್ಲವಲ್ದು. ಹೇಳಾಕತ್ತಿದ್ರು, ನಡುವ ಕಟ್ ಆತು. ಮತ್ತ ಹಚ್ಚಿದ್ರ ಹತ್ತವಲ್ದು."

ಆ ದವಾಖಾನೆಯವರು ಕಲಬುರಗಿಯ ಹೆರಿಗೆ ಡಾಕ್ಟರನ್ನು ಪರದೆಯ ಮೇಲೆ ನೋಡುತ್ತ ಕೆಲಸ ಮಾಡುತ್ತಿದ್ದರು. ಆ ಕರೆಗೆ ದಾರಿ ಬಿಡುವ ನಿಯಮವನ್ನು ವೀರೇಶ ಆ ವಾರವಷ್ಟೇ ಹಾಕಿದ್ದ, ಸುಟ್ಟುಹೋದ ರೂಟರಿನಲ್ಲಿ ಮಾತ್ರ.

ಮೇಡಂ ಬೈಯಲಿಲ್ಲ. ಬಾಣಂತಿಯನ್ನು ಬಿಟ್ಟು ಇನ್ನೊಂದು ಫೋನು ಹಚ್ಚುತ್ತ ಕೂಡುವ ಹೊತ್ತು ಸಿಸ್ಟರ್‌ಗೆ ಇರಲಿಲ್ಲ. ಸಿಸ್ಟರ್‌ನಿಂದ ಡಾಕ್ಟರ ನಂಬರು ಕೇಳಿ ನನ್ನ ಫೋನಿನಿಂದ ಹಚ್ಚಿದರು. ಎರಡೂ ಫೋನು ಸ್ಪೀಕರಿಗೆ ಹಾಕಿ, ಒಂದರ ಬಾಯಿ ಇನ್ನೊಂದರ ಕಿವಿಗೆ ಬರುವಂತೆ ಎದುರುಬದುರು ಹಿಡಿದು ನಿಂತರು. ನನಗೆ ಗದ್ದದಿಂದಲೇ ಲ್ಯಾಪ್‌ಟಾಪ್ ತೋರಿಸಿದರು. ನಾನು ಕೂತು ನಿಯಮ ಹಾಕತೊಡಗಿದೆ.

"ಹೊಟ್ಟಿ ಮ್ಯಾಲ ಕೈ ಇಟ್ಟು ತಿಕ್ಕವಾ, ಗರ್ಭಕೋಶ ಗಟ್ಟಿ ಆಗೋತನಕ ಬಿಡಬ್ಯಾಡ" ಎಂದು ಡಾಕ್ಟರ ದನಿ ಹೇಳುತ್ತಿತ್ತು. "ಇಂಜೆಕ್ಷನ್ ಕೊಟ್ಟೀಯಿಲ್ಲ?"

"ಕೊಟ್ಟೀನ್ರಿ."

ಒಂದು ಸಲ ಸಿಸ್ಟರ್ ದನಿ ನಿಂತೇ ಹೋಯಿತು. ಮೇಡಂ ಫೋನು ಅಲುಗಿಸಲಿಲ್ಲ. ನಾನು ದಾರಿ ತೆರೆಯುವ ಹೊತ್ತಿಗೆ "ಕಡಿಮಿ ಆಗಾಕತ್ತೇದ್ರಿ" ಎಂಬ ಮಾತು ಬಂತು. ಆ ಹೆಣ್ಣುಮಗಳನ್ನು ಯಾದಗಿರಿಯ ದೊಡ್ಡ ದವಾಖಾನೆಗೆ ಸಾಗಿಸಿದರು. ಬದುಕಿದಳು.

ಮೇಡಂ ಹೋಗಿ ಸೌಕಾರ್ರ ಮುಂದೆ ನಿಂತರು. "ಈಗರೆ ಆ ಕೇಬಲ್ ಹಾಕ್ಲೇನ್ರಿ?"

"ಬಾಣಂತಿ ಬದುಕ್ಯಾಳಲ್ಲವಾ. ಕರೆಂಟ್ ಹೋಗಿತ್ತು ಅಂತ ದವಾಖಾನಿಯವ್ರಿಗಿ ಹೇಳಿಬಿಡ್ರಿ."

ಹಾಗೆ ಹೇಳಲು ಮೇಡಂ ಒಪ್ಪಲಿಲ್ಲ. ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಸುರಪುರಕ್ಕೆ ಹೋಗಿ, ಸಿಸ್ಟರ್ ಮುಂದೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದರು. "ತಪ್ಪು ನಮ್ದು, ಕರೆಂಟಿನದಲ್ಲ. ಡಾಕ್ಟರ ನಂಬರ್ ಗ್ವಾಡಿ ಮ್ಯಾಲ ದೊಡ್ಡದಾಗಿ ಬರೀರಿ. ನಮ್ಮನ್ನ ನಂಬಿ ಕೂಡಬ್ಯಾಡ್ರಿ." ಸಿಸ್ಟರ್ ಚಹಾ ತರಿಸಿದಳು. ಮೇಡಂ ಕುಡಿಯಲಿಲ್ಲ.

ಸುದ್ದಿ ಸೌಕಾರ್ರಿಗೆ ಮುಟ್ಟಿತು. ರೂಟರ್ ಕೋಣೆಯ ಕೀಲಿಕೈ ವೀರೇಶನಿಗೆ ಹೋಯಿತು. ಮೇಡಂಗೆ ಗಿರಾಕಿಗಳ ದೂರು ಕೇಳುವ ಮೇಜು ಸಿಕ್ಕಿತು. ಬರುವ ದೂರೆಲ್ಲ ಆ ಕೋಣೆಯೊಳಗಿನದೇ, ಒಳಗೆ ಕಾಲಿಡಲು ಮಾತ್ರ ಅವರಿಗೆ ಅಪ್ಪಣೆಯಿಲ್ಲ. ಸ್ವಲ್ಪ ದಿನ ಸಹಿಸಿ, ರಾಯಚೂರಿನ ಕಡೆ ಬೇರೆ ಕೆಲಸ ಹಿಡಿದರು.

ಅವರು ಹೋದ ಮೇಲೆ ಗಿರಾಕಿಗಳು ಒಬ್ಬೊಬ್ಬರೇ ಕಳಚತೊಡಗಿದರು. ಸೌಕಾರ್ರು ಹೈದರಾಬಾದಿನಿಂದ ತಜ್ಞರನ್ನು ಕರೆಸಿದರು. ಅವರು ಬಂದು ನೋಡಿ, ಎರಡು ರೂಟರಿನ ನಡುವೆ ಒಂದು ಕೇಬಲ್ ಬೇಕು ಎಂದರು. ಸೌಕಾರ್ರು ತಲೆದೂಗಿ ಅವರಿಗೆ ಶಾಲು ಹೊದಿಸಿದರು.

ಕಳೆದ ಬೇಸಿಗೆಯಲ್ಲಿ ಯಾದಗಿರಿ ಸ್ಟೇಷನ್ನಿನಲ್ಲಿ ಮೇಡಂ ಸಿಕ್ಕರು. ಸ್ವಲ್ಪ ಸೊರಗಿದ್ದರು, ದನಿ ಮೊದಲಿನದೇ. ತಡೆಯಲಾಗದೆ ಇದೆಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಗಾಡಿ ಬಂತು. ಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತು ಕೇಳಿದರು:

"ಅಲ್ಲ ತಂಗಿ, ಇದನ್ನೇ ನಾ ಹೇಳುವಾಗ ಸೌಕಾರ್ರಿಗಿ ಏನು ಕೇಳಸ್ತಿತ್ತು?"

ಗಾಡಿ ಹೊರಟಿತು. ಅವರು ಉತ್ತರಕ್ಕೆ ಕಾಯದೆ ಒಳಗೆ ಹೋದರು.