ಪೆಂಟಗನ್‌ಗೆ ಇಬ್ಬರು

ತನ್ನ ಕಾರಿನಲ್ಲಿ ಯಾರಾದರೂ ಬಾಯಿಬಿಟ್ಟರೆ ಅರ್ಡೆಲ್ಲ ಟಿಬ್ಸ್ ನಡುದಾರಿಯಲ್ಲೇ ಇಳಿಸಿಬಿಡುತ್ತಾಳೆ ಅಂತ ವುಡ್‌ಬ್ರಿಜ್‌ನ ಬಿಟ್ಟಿ ಸವಾರಿಯ ಸಾಲಿನವರೆಲ್ಲ ನಂಬಿದ್ದರು. ಸುಮ್ಮನೆ ಹುಟ್ಟಿದ ಮಾತಲ್ಲ ಅದು. ಒಮ್ಮೆ ಒಬ್ಬ ಮಹಾಶಯ ಹಿಂದಿನ ಸೀಟಿನಲ್ಲಿ ಕೂತು, ಫೋನು ಕಿವಿಗೆ ಒತ್ತಿಕೊಂಡು, ತನ್ನ ಭಾವಮೈದುನನ ವ್ಯವಹಾರವನ್ನೆಲ್ಲ ಊರಿಗೆ ಕೇಳುವ ಹಾಗೆ ಒದರುತ್ತಿದ್ದ. ಅರ್ಡೆಲ್ಲ ಚಕಾರ ಎತ್ತಲಿಲ್ಲ. ಮುಂದಿನ ತಿರುವಿನಲ್ಲಿ ಹೆದ್ದಾರಿ ಇಳಿದಳು, ಬಸ್ ನಿಲ್ದಾಣದ ಎದುರು ನಿಲ್ಲಿಸಿದಳು, ಇಳಿದು ಹೋಗಿ ಹಿಂದಿನ ಬಾಗಿಲನ್ನು ತಾನೇ ತೆಗೆದು ಹಿಡಿದಳು. ಅವನು ಫೋನಿನಲ್ಲಿ ಮಾತಾಡುತ್ತಲೇ ಇಳಿದ! ಸುಂಕವಿಲ್ಲದೆ ವೇಗದ ಲೇನಿಗೆ ಹೋಗಲು ಕಾರಿನಲ್ಲಿ ಮೂವರಿರಬೇಕು, ಇಬ್ಬರೇ ಉಳಿದ ಮೇಲೆ ಬಿಟ್ಟಿ ದಾರಿ ಎಲ್ಲಿಂದ ಸಿಗಬೇಕು? ಉಳಿದಷ್ಟು ದೂರವನ್ನು ಮಾಮೂಲಿ ಲೇನಿನಲ್ಲಿ ತೆವಳಿಕೊಂಡು ಹೋದಳು. ಆದರೂ ಅವತ್ತು ಅವಳ ಮುಖದಲ್ಲಿದ್ದ ನೆಮ್ಮದಿ ನೋಡಬೇಕಿತ್ತು.

ಹಾಗಂತ ಅವಳೇನು ಮೂಗಿಯಲ್ಲ, ಸಿಡುಕಿಯೂ ಅಲ್ಲ. ಕಾರಿನ ಹೊರಗೆ ಮಾತಿನಮಲ್ಲಿ. ಆದರೆ ಅವಳ ಕೆಲಸ ನೋಡಿ: ಪೆಂಟಗನ್ ಪಕ್ಕದ ಆರ್ಲಿಂಗ್ಟನ್‌ನ ಒಂದು ಹಲ್ಲಿನ ವಿಮೆ ಕಚೇರಿಯಲ್ಲಿ ದಿನವಿಡೀ ಫೋನಿನಲ್ಲಿ ಜನರ ದೂರು ಕೇಳುವುದು. ಹಲ್ಲು ನೋಯುತ್ತಿರುವವನ ಬಾಯಿಂದ ಸಿಹಿಮಾತು ಬರುತ್ತದೆಯೇ? ಬಿಟ್ಟುಹೋದ ಗಂಡನೋ, ನಿದ್ದೆಯಲ್ಲೂ ಭಾಷಣ ಮಾಡುವ ಆಸಾಮಿ. ಹೀಗಾಗಿ ಬೆಳಗಿನ ಆ ಕಾರಿನ ದಾರಿಯೊಂದೇ ಅವಳ ಕಿವಿಗೆ ಸಿಗುತ್ತಿದ್ದ ರಜೆ. ಅದನ್ನು ಅವಳು ತವರಿನ ಒಡವೆಯ ಹಾಗೆ ಕಾಪಾಡಿಕೊಂಡಿದ್ದಳು.

ವಾಷಿಂಗ್ಟನ್ ಕಡೆಗೆ ಹೋಗುವ ಆ ಹೆದ್ದಾರಿಯ ನಡುವೆ, ಗೋಡೆ ಹಾಕಿ ಬೇರೆ ಮಾಡಿದ ಲೇನುಗಳಿವೆ. ಅಲ್ಲಿ ಗಾಡಿ ನಿಲ್ಲಿಸಿ ಸುಂಕ ಕೊಡುವ ಗೇಟಿಲ್ಲ, ಚಿಲ್ಲರೆಗೆ ಕೈ ಚಾಚುವವರಿಲ್ಲ. ಮೇಲೆ ಕಬ್ಬಿಣದ ಕಮಾನುಗಳಿವೆ, ಗಾಜಿಗೆ ಅಂಟಿಸಿದ ಪುಟ್ಟ ಡಬ್ಬಿಯನ್ನು ಅವು ಓಡುವ ಗಾಡಿಯಲ್ಲೇ ಓದಿಕೊಳ್ಳುತ್ತವೆ. ದರ ಮಾತ್ರ ಹಬ್ಬದ ಹಿಂದಿನ ದಿನದ ಹೂವಿನ ದರ. ಜನ ಮುಗಿಬಿದ್ದಷ್ಟೂ ಏರುತ್ತದೆ, ಖಾಲಿಯಾದಂತೆ ಇಳಿಯುತ್ತದೆ. ಏರಿದಾಗ ನಾಲ್ಕು ಜನ ಬೆದರಿ ಹೊರಗೇ ಉಳಿಯುತ್ತಾರೆ, ಹಾಗಾಗಿ ಒಳಗೆ ಹೋದವರು ಸರಾಗ ಓಡುತ್ತಾರೆ. ಲೇನಿನ ಬಾಯಲ್ಲಿ ದೊಡ್ಡ ಫಲಕ, ಅದರಲ್ಲಿ ಆ ಹೊತ್ತಿನ ದರ. ಅದನ್ನು ನೋಡಿ ಹತ್ತುವುದೋ ಬಿಡುವುದೋ, ನಿಮ್ಮಿಷ್ಟ. ಆದರೆ ಕಾರಿನಲ್ಲಿ ಮೂವರಿದ್ದು, ಡಬ್ಬಿಯ ಗುಂಡಿಯನ್ನು ‘ಮೂವರು’ ಅನ್ನುವ ಕಡೆಗೆ ಸರಿಸಿದ್ದರೆ ಒಂದು ಕಾಸೂ ಇಲ್ಲ!

ಈ ಮೂವರ ಲೆಕ್ಕದಿಂದಲೇ ಸಾಲು ಹುಟ್ಟಿದ್ದು. ವುಡ್‌ಬ್ರಿಜ್‌ನ ಪಾರ್ಕಿಂಗ್ ಮೈದಾನದಲ್ಲಿ ಬೆಳಗಾಗುತ್ತಲೇ ಜನ ಸಾಲುಗಟ್ಟುತ್ತಾರೆ. ಒಂಟಿ ಚಾಲಕ ಬರುತ್ತಾನೆ, ಕಿಟಕಿ ಇಳಿಸಿ ಎರಡು ಬೆರಳೆತ್ತಿ "ಪೆಂಟಗನ್, ಇಬ್ಬರು!" ಅನ್ನುತ್ತಾನೆ. ಸಾಲಿನ ಮೊದಲ ಇಬ್ಬರು ಹತ್ತುತ್ತಾರೆ. ಅವರಿಗೆ ಬಿಟ್ಟಿ ಸವಾರಿ, ಚಾಲಕನಿಗೆ ಬಿಟ್ಟಿ ದಾರಿ. ಬರೆದಿಟ್ಟ ಕಾನೂನಿಲ್ಲ, ಮೇಸ್ತ್ರಿಯಿಲ್ಲ. ಕಟ್ಟುಪಾಡು ಮಾತ್ರ ಕಲ್ಲಿನ ಮೇಲೆ ಕೊರೆದ ಹಾಗೆ: ಸಾಲು ಮುರಿಯಬಾರದು, ಚಾಲಕ ತನಗೆ ಬೇಕಾದವರನ್ನು ಆರಿಸಬಾರದು, ದುಡ್ಡಿನ ಮಾತೆತ್ತಬಾರದು, ಚಾಲಕ ಮಾತಾಡಿಸದೆ ಹತ್ತಿದವರು ಬಾಯಿ ತೆರೆಯಬಾರದು. ಇಳಿಯುವಾಗ ಒಂದು ಥ್ಯಾಂಕ್ಯೂ, ಅಷ್ಟೆ.

ಹೋರೇಸ್ ಮೇಬ್ರಿ ಆ ಸಾಲಿನವನು. ಪೆಂಟಗನ್ ಕಟ್ಟಡದಲ್ಲಿ ಬಡಗಿ. ಮುರಿದ ಮೇಜು, ಅಂಟಿಕೊಂಡ ಬಾಗಿಲು, ಎಲ್ಲದಕ್ಕೂ ಅವನೇ. ಅರವತ್ತರ ಆಸುಪಾಸು, ತೊಡೆಯ ಮೇಲೆ ಊಟದ ಡಬ್ಬಿ, ಕೋಟಿಗೆ ಪೈನ್ ಮರದ ವಾಸನೆ. ಸಾಲಿನ ಲೆಕ್ಕಾಚಾರದಲ್ಲಿ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಅರ್ಡೆಲ್ಲಳ ಕಾರು ಅವನ ಪಾಲಿಗೆ ಬರುತ್ತಿತ್ತು. ಒಂಬತ್ತು ವರ್ಷದಲ್ಲಿ ಅವನು ಅವಳಿಗೆ ಹೇಳಿದ್ದು ಒಂದೇ ಮಾತು: "ಥ್ಯಾಂಕ್ಯೂ ಮ್ಯಾಡಮ್."

ಒಮ್ಮೆ ಅವಳ ಕಾರಿನ ಮುಂದಿನ ಖಾನೆಯ ಮುಚ್ಚಳ ಕಟಕಟ ಅನ್ನತೊಡಗಿತ್ತು. ಗ್ಯಾರೇಜಿನವರು ಕೈಯಾಡಿಸಿ ಬಿಟ್ಟಿದ್ದರು. ಹೋರೇಸ್ ಅದನ್ನು ಆಲಿಸಿದ. ಮುಂದಿನ ಸಲ ಹತ್ತಿದಾಗ ಜೇಬಿನಿಂದ ಹಸಿರು ಉಣ್ಣೆಬಟ್ಟೆಯ ಚೂರೊಂದನ್ನು ತೆಗೆದು, ಹುಬ್ಬೆತ್ತಿ ಅವಳ ಅಪ್ಪಣೆ ಕೇಳಿದ. ಅವಳು ತಲೆಯಾಡಿಸಿದಳು. ಮುಚ್ಚಳದ ಸಂದಿಗೆ ಅದನ್ನು ಸಿಕ್ಕಿಸಿದ, ಸದ್ದು ಬಂದ್. ಇಬ್ಬರೂ ಒಂದು ಗಳಿಗೆ ಕಿವಿಗೊಟ್ಟು ಆ ನಿಶ್ಶಬ್ದ ಕೇಳಿ ಮುಗುಳ್ನಕ್ಕರು. ಅಂದಿನಿಂದ ಅರ್ಡೆಲ್ಲ ಮೈದಾನಕ್ಕೆ ಬರುವಾಗ ಸಾಲಿನಲ್ಲಿ ಆ ಬಡಗಿಯ ಕೋಟು ಎಲ್ಲಿದೆ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಅವನು ಸಿಕ್ಕ ದಿನ ದೂರು ಹೇಳುವವರ ಹಲ್ಲುನೋವಿಗೂ ಅವಳ ಕರುಳು ಚುರುಕ್ ಅನ್ನುತ್ತಿತ್ತು. ಸಿಗದ ದಿನ, ಸಾಯಲಿ ಅವರ ಹಲ್ಲು.

ಸುದ್ದಿ ತಂದವಳು ಲೊರೆನ್ಸಾ ಕಿಸ್ಪೆ. ಬೊಲಿವಿಯಾದಿಂದ ಬಂದು ಇಲ್ಲೇ ಬೇರೂರಿದವಳು, ಪೆಂಟಗನ್‌ನ ಊಟದ ಅಂಗಡಿಯೊಂದರಲ್ಲಿ ಅಡುಗೆ, ಅದೇ ಸಾಲಿನ ಹಳೆಯ ಹುಲಿ. ಶನಿವಾರ ಅವಳ ಅಕ್ಕನ ಬೇಕರಿಯಲ್ಲಿ ಮಾಂಸದ ರಸ ತುಂಬಿದ ಸಾಲ್ತೇನ್ಯಾ ಕಡುಬು ತಿನ್ನಲು ಅರ್ಡೆಲ್ಲ ಹೋಗಿದ್ದಳು.

"ನಿನ್ನ ಮೌನಿಬಾಬಾ ರಿಟೈರ್ ಆಗ್ತಿದ್ದಾನೆ ಕಣೇ," ಅಂದಳು ಲೊರೆನ್ಸಾ. "ಶುಕ್ರವಾರ ಕೊನೇ ದಿನ. ಶನಿವಾರ ನಾರ್ತ್ ಕೆರೊಲಿನಾಗೆ, ತಮ್ಮನ ಮನೆಗೆ. ಅಲ್ಲೇ ಇದ್ದುಬಿಡ್ತಾನಂತೆ."

ಅರ್ಡೆಲ್ಲಳ ಕೈಯಲ್ಲಿದ್ದ ಸಾಲ್ತೇನ್ಯಾದ ರಸ ಮೊಣಕೈವರೆಗೆ ಹರಿಯಿತು. "ನನ್ನವನು ಯಾಕಾಗ್ತಾನೆ?"

"ಅಯ್ಯೋ ಮಾರಾಯ್ತಿ, ರಸ ಒರೆಸ್ಕೋ ಮೊದ್ಲು! ಸಾಲಿಗೆ ಸಾಲೇ ನೋಡ್ತಿದೆ, ನೀನೊಬ್ಬಳೇ ಕಣ್ಣು ಮುಚ್ಚಿ ಹಾಲು ಕುಡೀತಿರೋದು. ಮಾತಾಡ್ಸು ಅವನನ್ನ."

"ಏನಂತ ಮಾತಾಡ್ಸಲಿ? ಇಷ್ಟು ವರ್ಷ ಆದ್ಮೇಲೆ ಹವಾಮಾನ ಕೇಳ್ಲಾ?"

"ಏನಾದ್ರೂ ಕೇಳು. ಕಾರು ನಿಂದು, ಬಾಯಿ ನಿಂದು. ಅವನಂತೂ ತಾನಾಗಿ ಬಾಯಿ ಬಿಡಲ್ಲ, ಬಸ್‌ಸ್ಟಾಂಡ್ ಕಥೆ ಅವನಿಗೂ ಗೊತ್ತು."

ಸೋಮವಾರ ಅವನು ಸಿಗಲಿಲ್ಲ. ಮಂಗಳವಾರ, ಬುಧವಾರ, ಊಹೂಂ. ಗುರುವಾರ ಕಣ್ಣೆದುರೇ ಅವನು ಹಿಂದಿನ ಕಾರು ಹತ್ತಿ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದು ಹೀಗೇ. ಇನ್ನು ಉಳಿದದ್ದು ಶುಕ್ರವಾರ ಒಂದೇ.

ಶುಕ್ರವಾರ ಅರ್ಡೆಲ್ಲ ನೀಲಿ ಸ್ವೆಟರ್ ಹಾಕಿಕೊಂಡು, ಕನ್ನಡಿಯ ಮುಂದೆ ಹತ್ತು ಥರ ಮಾತು ಅಭ್ಯಾಸ ಮಾಡಿ ಬಂದಳು. ಮೈದಾನಕ್ಕೆ ತಿರುಗಿದರೆ ಹೋರೇಸ್ ಸಾಲಿನ ನಡುವೆ ನಿಂತಿದ್ದಾನೆ, ಅವನ ಮುಂದೆ ನಾಲ್ಕು ಜನ. ಆರಿಸಿಕೊಳ್ಳುವ ಹಾಗಿಲ್ಲ. ಆದರೂ ಕಿಟಕಿ ಇಳಿಸಿ ಎರಡು ಬೆರಳೆತ್ತಿದಳು. "ಪೆಂಟಗನ್, ಇಬ್ಬರು."

ಎಲ್ಲರಿಗಿಂತ ಮುಂದೆ ನಿಂತಿದ್ದ ಸೇನೆಯ ಕರ್ನಲ್ ಥಟ್ಟನೆ ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟತೊಡಗಿದ. "ನೀವು ಮುಂದೆ ಹೋಗಿ, ನಂದು ತಡ ಆಗುತ್ತೆ." ಅವನ ಹಿಂದಿನವಳಿಗೆ ಇದ್ದಕ್ಕಿದ್ದಂತೆ ಚೀಲದಲ್ಲಿ ಏನೋ ಹುಡುಕಬೇಕಾಯಿತು. ಮೂರನೆಯವನು ಆಕಾಶ ನೋಡುತ್ತ ಪಕ್ಕಕ್ಕೆ ಸರಿದ. ನಾಲ್ಕನೆಯವಳು ಲೊರೆನ್ಸಾ! ಅವಳು ಹೋರೇಸನ ತೋಳು ಹಿಡಿದು, "ನಡೀರಿ ಯಜಮಾನ್ರೇ, ನಮ್ಮ ಪಾಳಿ," ಅಂತ ಅವನನ್ನು ಮುಂದಿನ ಸೀಟಿಗೆ ದಬ್ಬಿ ತಾನು ಹಿಂದೆ ಹತ್ತಿದಳು. ಯಾರೂ ಸಾಲು ಮುರಿಯಲಿಲ್ಲ ನೋಡಿ, ಸಾಲು ತಾನೇ ದಾರಿ ಬಿಟ್ಟಿತು. ಎಷ್ಟು ವರ್ಷ ಅಕ್ಕಪಕ್ಕ ನಿಂತರೆ ಇಂಥ ಬುದ್ಧಿ ಬರುತ್ತದೋ!

ಕಾರು ಹೊರಟಿತು. ಫಲಕದಲ್ಲಿ ಮೂವತ್ತೊಂದು ಡಾಲರ್ ಹೊಳೆಯುತ್ತಿತ್ತು. ಅರ್ಡೆಲ್ಲಳಿಗೆ ಅಭ್ಯಾಸ ಮಾಡಿದ ಹತ್ತು ಮಾತಿನಲ್ಲಿ ಒಂದಾದರೂ ನೆನಪಿಗೆ ಬರಬೇಕಲ್ಲ? ದಿನಕ್ಕೆ ನೂರು ಅಪರಿಚಿತರೊಡನೆ ಮಾತಾಡುವ ಹೆಂಗಸಿಗೆ ಪಕ್ಕದಲ್ಲಿ ಕೂತವನಿಗೆ ನಮಸ್ಕಾರ ಹೇಳಲು ಬಾಯಿ ಬರಲಿಲ್ಲ. ಗೋಡೆಯಾಚೆ ಮಾಮೂಲಿ ಲೇನಿನ ಕಾರುಗಳು ನಿಂತಲ್ಲೇ ನಿಂತಿದ್ದವು. ಈ ಕಡೆ ಅವಳ ಕಾರು ಬಾಣದ ಹಾಗೆ ಓಡುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವಳು ಟ್ರಾಫಿಕ್ ಜಾಮಿಗಾಗಿ ದೇವರನ್ನು ಬೇಡಿಕೊಂಡಳು. ಹಿಂದೆ ಲೊರೆನ್ಸಾ ತುಟಿ ಕಚ್ಚಿಕೊಂಡು ಅವಳ ಸೀಟಿಗೆ ಮೊಣಕಾಲಿನಿಂದ ಒದೆಯುತ್ತಿದ್ದಳು.

ಹೋರೇಸನ ಸ್ಥಿತಿಯೂ ಅಷ್ಟಕ್ಕಷ್ಟೇ. ಕೂತಲ್ಲೇ ಮಿಸುಕಾಡಿದ. ಊಟದ ಡಬ್ಬಿಯನ್ನು ಆ ತೊಡೆಯಿಂದ ಈ ತೊಡೆಗೆ ಇಟ್ಟ. ಗಾಜಿನ ಕಡೆ ನೋಡಿದ, ಅವಳ ಕಡೆ ನೋಡಿದ, ಮತ್ತೆ ಗಾಜಿನ ಕಡೆ. ಒಂದು ಕಮಾನು ತಲೆಯ ಮೇಲೆ ಹಾದುಹೋಯಿತು. ಇನ್ನೊಂದೂ ಹೋಯಿತು.

"ಮ್ಯಾಡಮ್," ಅಂದ.

ಹಿಂದೆ ಲೊರೆನ್ಸಾ ಉಸಿರು ಬಿಗಿಹಿಡಿದಳು.

"ಹೇಳಿ," ಅಂದಳು ಅರ್ಡೆಲ್ಲ.

"ಆ ಗುಂಡಿ."

"ಏನು?"

"ಡಬ್ಬಿ ಗುಂಡಿ. ಸರಿಸಿಲ್ಲ ನೀವು. ಒಬ್ಬರೇ ಅಂತಲೇ ಇದೆ."

ಅವಳು ಕತ್ತೆತ್ತಿ ನೋಡಿದಳು. ಹೌದು! ಒಂಬತ್ತು ವರ್ಷದಲ್ಲಿ ಜ್ವರ ಬಂದಾಗಲೂ ಮರೆಯದ ಗುಂಡಿ. ಮೂರು ಜನ ಕಾರಿನಲ್ಲಿ ಕೂತಿದ್ದಾರೆ, ಕಮಾನುಗಳು ಮಾತ್ರ ಒಂಟಿ ಹೆಂಗಸು ಅಂತ ಓದಿಕೊಂಡು ಕಳಿಸಿವೆ.

"ಒಂಬತ್ತು ವರ್ಷ!" ಲೊರೆನ್ಸಾಳ ಕಟ್ಟೆ ಒಡೆಯಿತು. "ಒಂಬತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು, ಕೊನೇ ದಿನ ಬಿಚ್ಚಿ ಆಡೋ ಮಾತು ಇದಾ? ಗುಂಡಿಯಂತೆ ಗುಂಡಿ!"

ಅರ್ಡೆಲ್ಲಳಿಗೆ ಎಲ್ಲಿಂದ ನಗು ಬಂತೋ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೋರೇಸ್ ಮೊದಲು ಗಾಬರಿಯಾಗಿ, ಆಮೇಲೆ ತಾನೂ ಭುಜ ಕುಣಿಸಿ ನಕ್ಕ. ಅವನ ನಗುವಿಗೆ ಅಷ್ಟು ದೊಡ್ಡ ಸದ್ದಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

"ಯಾವಾಗ ನೋಡಿದ್ರಿ?" ಕೇಳಿದಳು.

"ಹೆದ್ದಾರಿ ಹತ್ತೋ ಮೊದಲೇ."

"ಮತ್ತೆ ಹೇಳೋದಲ್ವಾ?"

"ನಿಯಮ ಇದೆಯಲ್ಲ, ಮ್ಯಾಡಮ್. ಮಾತಾಡಿದ್ರೆ ಇಳಿಸಿಬಿಡ್ತೀರಿ ಅಂತ ಭಯ. ಕೊನೇ ಸಲ, ಪೂರ್ತಿ ದೂರ ಕೂತ್ಕೊಂಡು ಹೋಗೋಣ ಅಂತ ಆಸೆ ಇತ್ತು." ಅವನು ಊಟದ ಡಬ್ಬಿಯ ಮೇಲೆ ಬೆರಳಾಡಿಸಿದ. "ಆ ದುಡ್ಡು ನಾನು ಕೊಡ್ತೀನಿ."

"ಸಾಲಿನಲ್ಲಿ ದುಡ್ಡಿನ ಮಾತಿಲ್ಲ. ಅದೂ ನಿಯಮವೇ."

"ಹಾಗಾದ್ರೆ ಹೇಗೆ ತೀರಿಸಲಿ?"

ಪೆಂಟಗನ್‌ನ ತಿರುವು ಕಾಣುತ್ತಿತ್ತು. ಅರ್ಡೆಲ್ಲ ರಸ್ತೆಯಿಂದ ಕಣ್ಣು ತೆಗೆಯದೆ, ಅಭ್ಯಾಸ ಮಾಡದೇ ಇದ್ದ ಮಾತೊಂದನ್ನು ಆಡಿದಳು. "ನಾಳೆ ಹೋಗಬೇಡಿ ಹೋರೇಸ್. ನೀವು ಸಾಲಿನಲ್ಲಿ ಇಲ್ದೇ ಇದ್ರೆ ನನಗೆ ಈ ದಾರೀಲಿ ಬರೋಕೆ ಇಷ್ಟ ಇಲ್ಲ."

ಹೋರೇಸ್ ತೊಡೆಯ ಮೇಲಿನ ಊಟದ ಡಬ್ಬಿಯನ್ನು ಕಾಲಬುಡಕ್ಕೆ ಇಳಿಸಿದ.

"ನನ್ನ ಹೆಸರು ನಿಮಗೆ ಗೊತ್ತಾ?" ಅಂದ ಅವನು, ತೀರಾ ಮೆಲ್ಲಗೆ.

"ಇಡೀ ಸಾಲಿಗೆ ಗೊತ್ತು," ಅಂದಳು ಲೊರೆನ್ಸಾ. "ನಾಳೆ ಬೆಳಗ್ಗೆ ಇವಳಿಗೆ ತಿಂಡಿ ಕೊಡ್ಸಿ. ಮೂವತ್ತೊಂದು ಡಾಲರಿನಷ್ಟು ತಿಂತಾಳೆ, ಯೋಚ್ನೆ ಮಾಡ್ಬೇಡಿ."

ಶನಿವಾರ ಇಬ್ಬರೂ ಮೆಕ್ಕೆಜೋಳದ ಗಂಜಿ, ಹುರಿದ ಸೇಬು, ಮೊಟ್ಟೆ ಮುಂದಿಟ್ಟುಕೊಂಡು ಕೂತವರು, ಹೋಟೆಲಿನವರು ಮಧ್ಯಾಹ್ನದ ಊಟಕ್ಕೆ ಮೇಜು ಒರೆಸಲು ಬಂದರೂ ಏಳಲಿಲ್ಲ. ಒಂಬತ್ತು ವರ್ಷದ ಬಾಕಿ ಮಾತು ಅಲ್ಲವೇ? ತಮ್ಮ ಕಾಯುತ್ತಿದ್ದಾನೆ ಅಂತ ಹೋರೇಸನಿಗೆ ನೆನಪಾದದ್ದು ತಮ್ಮನೇ ಫೋನು ಮಾಡಿದಾಗ. ನಾರ್ತ್ ಕೆರೊಲಿನಾಗೆ ಆಮೇಲೆ ಹೋದರು, ಇಬ್ಬರೂ ಒಟ್ಟಿಗೆ, ಮದುವೆಗೆ ಕರೆಯಲು.

ಮದುವೆಗೆ ಸಾಲಿಗೆ ಸಾಲೇ ಬಂದಿತ್ತು. ಕರ್ನಲ್ ಲಾಡಿಯಿಲ್ಲದ ಬೂಟು ಹಾಕಿಕೊಂಡು ಬಂದು ಎಲ್ಲರಿಗೂ ಅದನ್ನೇ ತೋರಿಸಿದ. ಊಟಕ್ಕೆ ಬಡಿಸುವಾಗ ಮಾತ್ರ ಅಷ್ಟೂ ಜನ ಅಭ್ಯಾಸಬಲದಿಂದ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಹೋರೇಸನಿಗೆ ಈಗ ಆರ್ಲಿಂಗ್ಟನ್‌ನ ಒಂದು ಶಾಲೆಯಲ್ಲಿ ನಾಟಕದ ರಂಗ ಕಟ್ಟುವ ಅರೆಕಾಲಿಕ ಕೆಲಸ. ಮದುವೆಯಾದ ಮೇಲಿನ ಮೊದಲ ಸೋಮವಾರ ಗಂಡಹೆಂಡತಿ ಒಟ್ಟಿಗೆ ಹೊರಟರು. ಮೈದಾನಕ್ಕೆ ತಿರುಗುವ ಮೊದಲೇ ಹೋರೇಸ್ ಕೈಚಾಚಿ ಗುಂಡಿ ಸರಿಸಿದ. ಕಾರಿನೊಳಗೆ ಅವನ ಮಾತು ಆಗಲೇ ಶುರುವಾಗಿತ್ತು. ಹಿಂದಿನ ದಿನ ಕಟ್ಟಿದ ಕಪಾಟಿನ ಕತೆ. ಅರ್ಡೆಲ್ಲ ಅದನ್ನು ಪೂರ್ತಿ ಕಿವಿಗೊಟ್ಟು ಕೇಳುತ್ತಿದ್ದಳು. ಅವಳಿಗೆ ಒಂದಿಷ್ಟೂ ಬೇಸರ ಅನಿಸಲಿಲ್ಲ.

ಸಾಲಿನ ಎದುರು ಕಾರು ನಿಂತಿತು. ಅಭ್ಯಾಸದಂತೆ ಮೊದಲು ನಿಂತಿದ್ದ ಇಬ್ಬರು, ಕರ್ನಲ್ ಮತ್ತು ಲೊರೆನ್ಸಾ, ಮುಂದೆ ಬಂದರು. ಅರ್ಡೆಲ್ಲ ಕಿಟಕಿ ಇಳಿಸಿ ಎರಡು ಬೆರಳೆತ್ತಿದಳು. ಆಮೇಲೆ ಪಕ್ಕದ ಸೀಟನ್ನು ನೋಡಿದಳು. ಒಂದು ಬೆರಳನ್ನು ನಿಧಾನವಾಗಿ ಮಡಿಸಿದಳು.

"ಪೆಂಟಗನ್," ಅಂತ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದಳು. "ಒಬ್ಬರು ಸಾಕು!"