ಹಿಮ್ಮಡಿ ನೋಡುವ ನರ್ಸಮ್ಮ

ನಮ್ಮ ಎದುರುಮನೆಯ ನರ್ಸಮ್ಮನ ಕೈಗಳಿಗೆ ಎರಡು ಬಣ್ಣವಿತ್ತು. ಮೊಣಕೈಯಿಂದ ಮೇಲೆ ಎಣ್ಣೆಗಪ್ಪು, ಅಲ್ಲಿಂದ ಬೆರಳ ತುದಿಯವರೆಗೆ ಬಿಳಿಚಿಕೊಂಡು ಒಣಗಿದ ಚರ್ಮ. ಸರಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೋಷನ್ ನೀರಿನಲ್ಲಿ ತೊಳೆದೂ ತೊಳೆದೂ ಹಾಗಾಗಿತ್ತಂತೆ. ನಿವೃತ್ತರಾದ ಮೇಲೂ ಆ ಚಟ ಬಿಡಲಿಲ್ಲ. ನಮ್ಮ ಮನೆಗೆ ಕಾಫಿಗೆ ಬಂದರೆ ಮೊದಲು ಬಚ್ಚಲಿಗೆ ಹೋಗಿ ಕೈ ತೊಳೆದು, ಒರೆಸಿಕೊಳ್ಳದೆ, ಎರಡೂ ಕೈ ಮೇಲೆತ್ತಿಕೊಂಡೇ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ತೊಟ್ಟಿಕ್ಕಿದ ನೀರನ್ನು ಒರೆಸುವ ಕೆಲಸ ನನ್ನದು.

ಮತ್ತಿಕೆರೆಯ ನಮ್ಮ ಗಲ್ಲಿಯಲ್ಲಿ ಅವರ ಕಣ್ಣು ತಪ್ಪಿಸಿ ಕೆಮ್ಮುವುದೂ ಕಷ್ಟವಿತ್ತು. ಕೇಳದವರಿಗೂ ಬುದ್ಧಿ ಹೇಳುವರು. ಬಾಡಿಗೆ ರೂಮಿನ ಕಾಲೇಜು ಹುಡುಗರು ಅವರನ್ನು ಕಂಡರೆ ಸಿಗರೇಟು ಬಿಸಾಕಿ ಗೋಡೆ ನೋಡುತ್ತಾ ನಿಲ್ಲುತ್ತಿದ್ದರು. ಅಮ್ಮನಿಗೆ ಮಾತ್ರ ಅವರೆಂದರೆ ಪ್ರಾಣ. ನನಗೆ ಅವರೆಂದರೆ ತಲೆನೋವು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಮ್ಮನಿಗೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ನಾನೊಬ್ಬಳೇ ಮಗಳು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗಗಳನ್ನು ಅಳತೆ ಹಿಡಿದು ನೋಡಿ, ಸರಿಯಿದ್ದರೆ ಸಹಿ ಹಾಕಿ ಕಳಿಸುವ ಕೆಲಸ ನನ್ನದು. ಮನೆಗೆ ಗೊತ್ತುಮಾಡಿದ ಮೂವರು ಆಯಾಗಳು ಒಬ್ಬರ ಹಿಂದೊಬ್ಬರು ಬಿಟ್ಟುಹೋದ ಮೇಲೆ ಅಮ್ಮನನ್ನು ಯಾವುದಾದರೂ ಆರೈಕೆ ಕೇಂದ್ರಕ್ಕೆ ಸೇರಿಸದೆ ದಾರಿಯಿರಲಿಲ್ಲ. ಆ ವಿಷಯ ನರ್ಸಮ್ಮನ ಕಿವಿಗೆ ಹಾಕಿದ್ದು ನಾನು ಮಾಡಿದ ತಪ್ಪು. "ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟರು.

ಕಾರ್ಖಾನೆಯ ಅಭ್ಯಾಸದಂತೆ ನಾನು ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದೆ. ಡಾಕ್ಟರು ವಾರಕ್ಕೆಷ್ಟು ಸಲ, ಆಂಬುಲೆನ್ಸ್ ಇದೆಯೇ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ, ಹೀಗೆ. ನರ್ಸಮ್ಮ ಅದರತ್ತ ಕಣ್ಣೂ ಹಾಯಿಸಲಿಲ್ಲ. ಆರ್.ಟಿ. ನಗರದ ಮೊದಲ ಕೇಂದ್ರಕ್ಕೆ, ಫೋನೂ ಮಾಡದೆ, ಸರಿಯಾಗಿ ಊಟದ ಹೊತ್ತಿಗೆ ಕರೆದೊಯ್ದರು. ಮ್ಯಾನೇಜರು ನನಗೆ ಟೀವಿ ಹಾಲ್ ತೋರಿಸುತ್ತಿದ್ದಾಗ ಇವರು ಮಾಯ. ಹುಡುಕಿಕೊಂಡು ಹೋದರೆ, ಒಳಗಿನ ಕೋಣೆಯಲ್ಲಿ ಯಾರೋ ಮುದುಕರ ಹೊದಿಕೆ ಎತ್ತಿ, ಕನ್ನಡಕ ಮೂಗಿನ ತುದಿಗಿಳಿಸಿ, ಅವರ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾ ನಿಂತಿದ್ದಾರೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮ್ಯಾನೇಜರಿಗೆ ನಾನು ಕ್ಷಮೆ ಕೇಳುತ್ತಿದ್ದರೆ ಇವರು ಅಲ್ಲಿಂದಲೇ "ಇದು ಬೇಡ ಕಣೇ, ನಡಿ" ಎಂದರು.

ಬಸ್ಸಿನಲ್ಲಿ ಪಾಠ ಶುರುವಾಯಿತು. ಮಲಗಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಬದಲಿಸದಿದ್ದರೆ ಹುಣ್ಣು ಏಳುತ್ತದೆ, ಅದು ಮೊದಲು ಕಾಣುವುದು ಹಿಮ್ಮಡಿಯಲ್ಲಿ ಮತ್ತು ಸೊಂಟದ ಕೆಳಗೆ. ಸೊಂಟವನ್ನು ಯಾರೂ ನೋಡಲು ಬಿಡುವುದಿಲ್ಲ, ಹಿಮ್ಮಡಿಯನ್ನಾದರೂ ನೋಡಬೇಕು. "ನಿಮ್ಮಮ್ಮಂಗೆ ಬಾಯಿಲ್ಲ. ಅವಳಿಗೆ ಏನಾಗ್ತಿದೆ ಅಂತ ಅವಳ ಮೈನೇ ಹೇಳ್ಬೇಕು."

ಹೆಬ್ಬಾಳದ ಕೇಂದ್ರದಲ್ಲಿ, ಬಲಗೈ ಬಿದ್ದವರ ಬಲಕ್ಕೇ ನೀರಿನ ಲೋಟ ಇಟ್ಟಿದ್ದಾರೆ ಎಂದು ಬೇಡ ಅಂದರು. ಯಲಹಂಕದಲ್ಲಿ ಊಟ ತಿನ್ನಿಸುವವಳು ನಿಂತುಕೊಂಡು ತಿನ್ನಿಸುತ್ತಾಳೆ ಎಂದು ಬೇಡ. ಇನ್ನೊಂದು ಕಡೆ ಬರೇ ವಾಸನೆಗೆ ಗೇಟಿನಿಂದಲೇ ವಾಪಸ್. ಆರು ಜಾಗ ಆಯಿತು, ನನ್ನ ರಜೆಯೆಲ್ಲ ಮುಗಿಯಿತು. ಪಿತ್ತ ನೆತ್ತಿಗೇರಿ, ಯಶವಂತಪುರದ ಬಸ್ ಸ್ಟಾಪಿನಲ್ಲೇ ಕೂಗಾಡಿದೆ. ನಿಮಗೆ ಯಾವುದೂ ಸರಿಯಿಲ್ಲದಿದ್ದರೆ ನೀವೇ ನೋಡಿಕೊಳ್ಳಿ ಅಂದೆ. ಅವರು ಬಂದ ಬಸ್ಸಿನ ಬೋರ್ಡು ಓದುತ್ತಾ, "ನಂಗೀಗ ಎತ್ತೋಕಾಗಲ್ಲ. ಆಗಿದ್ದಿದ್ರೆ ನಿನ್ನನ್ನ ಕೇಳ್ತಾನೇ ಇರ್ಲಿಲ್ಲ" ಎಂದು ಹತ್ತಿ ಕೂತರು.

ಅವರಿಗೆ ಹೇಳದೆ ಸಂಜಯನಗರದ ಒಂದು ಕೇಂದ್ರಕ್ಕೆ ಅಮ್ಮನನ್ನು ಸೇರಿಸಿದೆ. ಥಳಥಳ ಟೈಲ್ಸು, ಮೀನಿನ ತೊಟ್ಟಿ, ಮೊಬೈಲಿನಲ್ಲೇ ನೋಡಬಹುದಾದ ಕ್ಯಾಮೆರಾ. ನನ್ನ ನಲವತ್ತು ಪ್ರಶ್ನೆಗಳಿಗೂ ಟಿಕ್ ಬಿತ್ತು. ಭಾನುವಾರ ಹನ್ನೊಂದಕ್ಕೆ ಹೋದರೆ ಅಮ್ಮನಿಗೆ ತಲೆ ಬಾಚಿ, ಪೌಡರ್ ಹಚ್ಚಿ, ಎದೆಯವರೆಗೆ ಶಾಲು ಹೊದಿಸಿ ಕೂರಿಸಿರುತ್ತಿದ್ದರು. ಚೆನ್ನಾಗಿ ಊಟ ಮಾಡಿದರು ಮೇಡಂ ಎಂದು ಪ್ರತಿ ವಾರವೂ ಅದೇ ಮಾತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಖುಷಿಗೆ ನೋಡುತ್ತಾಳೆ ಅಂದುಕೊಂಡಿದ್ದೆ.

ವಿಷಯ ತಿಳಿದು ನರ್ಸಮ್ಮ ಒಂದು ವಾರ ಮಾತು ಬಿಟ್ಟರು. ಆಮೇಲೆ ಪ್ರತಿ ಭಾನುವಾರ ಗೇಟಿನಲ್ಲೇ ಅಡ್ಡ ಹಾಕಿ ಒಂದೇ ಪ್ರಶ್ನೆ: ಕಾಲು ನೋಡಿದ್ಯಾ? ನೋಡಿದೆ, ಚೆನ್ನಾಗಿದೆ ಎನ್ನುತ್ತಿದ್ದೆ. ಸುಳ್ಳು. ಅವರ ಬಾಯಿ ಮುಚ್ಚಿಸುವುದಕ್ಕೆ ಹೇಳಿದ ಸುಳ್ಳು. ಕಾರ್ಖಾನೆಯಲ್ಲಿ ಒಂದು ವಾಷರನ್ನೂ ನೋಡದೆ ಸಹಿ ಹಾಕದವಳು, ಅಮ್ಮನ ಕಾಲನ್ನು ಎರಡು ತಿಂಗಳು ನೋಡದೆ ಪಾಸು ಮಾಡಿದ್ದೆ.

ಒಂದು ಬುಧವಾರ ಮಧ್ಯಾಹ್ನ ಕೆಲಸದ ನಡುವೆ ಅವರ ಫೋನು. ಒಬ್ಬರೇ ಬಸ್ಸು ಹತ್ತಿ ಸಂಜಯನಗರಕ್ಕೆ ಹೋಗಿದ್ದರು.

"ಕಾಲು ನೋಡ್ದೆ ಅಂದ್ಯಲ್ಲ, ಯಾವ ಕಾಲು ನೋಡ್ದೆ?"

ಕೈಯಲ್ಲಿದ್ದ ಬಿಡಿಭಾಗವನ್ನು ಮೇಜಿನ ಮೇಲಿಟ್ಟೆ.

"ಬಾ ಈಗ್ಲೇ."

ಹೋದೆ. ಅಮ್ಮನ ಬಲ ಹಿಮ್ಮಡಿ ರೂಪಾಯಿ ನಾಣ್ಯದಗಲ ಕಪ್ಪಾಗಿ, ಸುತ್ತ ಕೀವು ಒಸರುತ್ತಿತ್ತು. ವಯಸ್ಸಾದವರಿಗೆ ಇದೆಲ್ಲ ಸಾಮಾನ್ಯ ಮೇಡಂ ಎಂದು ಅಲ್ಲಿನ ಮ್ಯಾನೇಜರಮ್ಮ ಹೇಳುತ್ತಿದ್ದಳು. ನನಗೆ ಅಳು ಬಂತು. "ಅಳೋದು ಆಮೇಲೆ. ಮೊದ್ಲು ಆ ಕಾಲಡಿಗೆ ದಿಂಬಿಡು" ಎಂದರು ನರ್ಸಮ್ಮ. ಅಂದೇ ಅಮ್ಮನನ್ನು ಮನೆಗೆ ಕರೆತಂದೆವು. ದಾರಿಯುದ್ದಕ್ಕೂ ನನಗೆ ಮಂಗಳಾರತಿ, ಆಟೊದವನ ಮುಂದೆಯೇ. ನಾನು ಸಂಬಳವಿಲ್ಲದ ರಜೆ ಹಾಕಿದೆ. ನರ್ಸಮ್ಮ ಮೂರು ವಾರ ದಿನಕ್ಕೆರಡು ಸಲ ಬಂದು ಗಾಯ ತೊಳೆದು ಪಟ್ಟಿ ಕಟ್ಟಿದರು.

ಮತ್ತೆ ಹುಡುಕಾಟ. ಸೋಲದೇವನಹಳ್ಳಿಯ ಕಡೆ ಯಾರೋ ಹೇಳಿದ ಜಾಗಕ್ಕೆ ಹೋದೆವು. ಶೀಟು ಹೊದಿಸಿದ ಜಗಲಿ, ಬಣ್ಣ ಕಾಣದ ಗೋಡೆ, ಎಂಟು ಮಂಚ. ನನ್ನ ಪಟ್ಟಿಯ ಅರ್ಧ ಪ್ರಶ್ನೆಗಳಿಗೆ ಅಲ್ಲಿ ಉತ್ತರವೇ ಇರಲಿಲ್ಲ. ನರ್ಸಮ್ಮ ಎಂದಿನಂತೆ ನೇರ ಒಂದು ಮಂಚದ ಹತ್ತಿರ ಹೋಗಿ ಹೊದಿಕೆಗೆ ಕೈ ಹಾಕಿದರು. ನೈಟಿಯ ಮೇಲೆ ಟವೆಲ್ ಹಾಕಿಕೊಂಡಿದ್ದ, ಅಲ್ಲಿನ ಆರೈಕೆಯ ಹೆಂಗಸು ಬಂದು ಅವರ ಕೈ ಹಿಡಿದಳು.

"ಅಜ್ಜೀನ ಕೇಳಿದ್ರಾ? ಅಂಗೆಲ್ಲ ಕೇಳ್ದೆ ಒದಿಕೆ ಎತ್ತಬ್ಯಾಡಿ."

ನರ್ಸಮ್ಮನಿಗೆ ಹಾಗೆ ಹೇಳಿದವರನ್ನು ನಾನು ಕಂಡೇ ಇರಲಿಲ್ಲ. ಅವರು ಹೊದಿಕೆ ಬಿಟ್ಟರು. ಬಗ್ಗಿ, ಆ ಮುದುಕಿಯ ಮುಖದ ಹತ್ತಿರ, "ಕಾಲು ನೋಡ್ಲಾ ಅಜ್ಜಿ?" ಎಂದು ಕೇಳಿ, ಅಜ್ಜಿ ತಲೆಯಾಡಿಸುವವರೆಗೆ ಕಾದು ನಿಂತರು. ಎಣ್ಣೆ ಹಚ್ಚಿದ ಹಿಮ್ಮಡಿ, ಒಂದು ಗೀರೂ ಇರಲಿಲ್ಲ. ಹೊರಗೆ ಬಂದ ಮೇಲೆ, "ಮೂವತ್ತು ವರ್ಷದಲ್ಲಿ ನಾನು ಒಬ್ಬರನ್ನೂ ಕೇಳಿರ್ಲಿಲ್ಲ ಕಣೇ. ಇಲ್ಲೇ ಸೇರ್ಸು" ಎಂದರು.

ಸೇರಿಸಿದೆ. ಗಾಯ ಪೂರ್ತಿ ಮಾಗಿತು. ನಮ್ಮ ಜಗಳ ಮಾತ್ರ ಮಾಗಲಿಲ್ಲ. ಅಮ್ಮನಿಗೆ ಆ ದಿಂಬು ಒಯ್ಯಿ, ಈ ಎಣ್ಣೆ ಒಯ್ಯಿ ಎಂದು ವಾರವಿಡೀ ಕಾಟ. ಕೊನೆಯ ಸಲ ಮಾತಾಡಿದಾಗಲೂ ನಾನು "ಸಾಕು ಬಿಡಿ, ಎಲ್ಲ ನಂಗೂ ಗೊತ್ತು" ಎಂದು ಬಾಗಿಲು ಹಾಕಿಕೊಂಡಿದ್ದೆ. ಅದಾದ ನಾಲ್ಕನೇ ದಿನ, ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಯಾರ ಕೈಯಲ್ಲೂ ಒಂದು ದಿನವೂ ಸೇವೆ ಮಾಡಿಸಿಕೊಳ್ಳಲಿಲ್ಲ.

ಭಾನುವಾರ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಗೋಡೆಯ ಕಡೆ ನೋಡುತ್ತಾ ಮಲಗಿದ್ದಳು, ಮುಖದಲ್ಲಿ ಏನೂ ಕಾಣಲಿಲ್ಲ. ಅರ್ಥವಾಗಲಿಲ್ಲವೇನೋ ಎಂದುಕೊಂಡು ಮನೆಗೆ ಬಂದೆ. ಸಂಜೆ ಆ ಆರೈಕೆಯ ಹೆಂಗಸಿನ ಫೋನು ಬಂತು.

"ಅಕ್ಕಾ, ಅಮ್ಮಂಗೆ ಏನಾದ್ರೂ ಯೋಳಿ ಓದ್ರಾ? ನೀವು ಓದಾಗಿಂದ ಎಡಗೈ ಮುಷ್ಟಿ ಬಿಚ್ಚಿಲ್ಲ. ಊಟಾನೂ ಎರಡೇ ತುತ್ತಿಗೆ ಬಿಟ್ರು."

ಹೇಳಿದೆ. ಅವಳು "ಅಂಗಾ. ಅಮ್ಮ ಅಳ್ತಾವ್ರೆ ಅಂಗಾದ್ರೆ. ನಾನು ಪಕ್ಕದಲ್ಲೇ ಕೂತಿರ್ತೀನಿ ಬಿಡಿ" ಎಂದಳು.

ಅಮ್ಮನ ಅಳು ನನಗೆ ಕಾಣಲಿಲ್ಲ, ಅವಳಿಗೆ ಕಂಡಿತು. ಅಂಥವಳೊಬ್ಬಳು ಸಿಗುವವರೆಗೆ ನನ್ನ ಬೈಗುಳ ತಿಂದುಕೊಂಡು ಬಸ್ಸು ಹತ್ತಿ ಇಳಿದವರಿಗೆ ನಾನು ಒಂದು ದಿನವೂ ಒಳ್ಳೆಯ ಮಾತು ಹೇಳಲಿಲ್ಲ.